ಸಾಸ್ತೂರಿನ ಟವರ್, ಸ್ಟುಟ್‌ಗಾರ್ಟಿನ ಲೆಕ್ಕ

ರಾತ್ರಿ ಎಂಟರ ಮೇಲೆ ಮರಾಠವಾಡದ ಈ ಸಾಸ್ತೂರಿನ ಹುಡುಗರ ಬಾಯಲ್ಲಿ ಒಂದೇ ಮಾತು: ಪಿಂಗ್. ಅಕ್ಕನ ಮಗ ಗೆಳೆಯರನ್ನು ಕಟ್ಟಿಕೊಂಡು ಮನೆ ಮುಂದಿನ ಕಟ್ಟೆಯ ಮೇಲೆ ಬಿಜಿಎಂಐ ಎಂಬ ಬಂದೂಕಿನ ಆಟ ಆಡುತ್ತಾನೆ. ಮನೆಯವರ ಜೊತೆ ಕನ್ನಡ, ಲಾತೂರಿನ ಕಡೆಯ ಜೊತೆಗಾರರೊಡನೆ ಮರಾಠಿ, ಆಟದಲ್ಲಿ ಎದುರಾಗುವ ಅಪರಿಚಿತರಿಗೆ ಹಿಂದಿ, ಮೂರೂ ಒಂದೇ ಉಸಿರಿನಲ್ಲಿ. ಪರದೆಯ ಮೂಲೆಯಲ್ಲಿ ಪಿಂಗ್‌ನ ಅಂಕಿ, ಅಂದರೆ ಸುದ್ದಿಯೊಂದು ಸರ್ವರಿಗೆ ಹೋಗಿ ಬರಲು ಹಿಡಿದ ಮಿಲಿಸೆಕೆಂಡ್, ಹಸಿರಾಗಿ, ಹಳದಿಯಾಗಿ, ಕೆಂಪಾಗಿ ಬದಲಾಗುತ್ತಿರುತ್ತದೆ.

“ಮಾಮಾ, ಡೇಟಾ ಪೂರಾ ಅದ. ರೇಂಜೂ ಪೂರಾ ಅದ. ಆದ್ರೂ ಪಿಂಗ್ ಕೆಂಪು ಬರ್ಲತ್ತದ. ಯಾಕ್ರಿ?”

ಸಂಖ್ಯಾಶಾಸ್ತ್ರ ಪಾಠ ಹೇಳುವವನಿಗೆ ಈ ಪ್ರಶ್ನೆಯನ್ನು ಬಿಟ್ಟು ಏಳಲು ಆಗುವುದಿಲ್ಲ. ಕೆಳಗಿನವು ಅದರ ಬೆನ್ನು ಹತ್ತಿ ಬರೆದಿಟ್ಟುಕೊಂಡವು.

*

ಮೊದಲ ಗೊಂದಲ: ಸಿನಿಮಾಕ್ಕಿಂತ ಆಟಕ್ಕೆ ಡೇಟಾ ಅಷ್ಟು ಕಡಿಮೆ ಸಾಕೇಕೆ? ಸಿನಿಮಾ ನೋಡುವಾಗ ಚಿತ್ರವೇ ದೂರದಿಂದ ಹರಿದು ಬರಬೇಕು. ಆಟದಲ್ಲಿ ಬೆಟ್ಟ, ಮನೆ, ಬಂದೂಕು, ಎಲ್ಲದರ ಚಿತ್ರ ಮೊದಲೇ ಮೊಬೈಲಿನೊಳಗೆ ಇಳಿದು ಕೂತಿದೆ. ಆಡುವಾಗ ತಂತಿಯ ಮೇಲೆ ಓಡಾಡುವುದು ಚಿಕ್ಕ ಸುದ್ದಿಗಳು ಮಾತ್ರ: ನಾನು ಇಲ್ಲಿದ್ದೇನೆ, ಈ ಕಡೆ ಮುಖ ಮಾಡಿದ್ದೇನೆ, ಗುಂಡು ಹಾರಿಸಿದೆ. ಸರ್ವರ್ ಎಲ್ಲರ ಸುದ್ದಿಯನ್ನೂ ಕೂಡಿಸಿ ಎಲ್ಲರಿಗೂ ಮರಳಿಸುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ, ಬಿಡುವಿಲ್ಲದೆ.

2002ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ವು-ಚಾಂಗ್ ಫೆಂಗ್ ಮತ್ತು ಸಂಗಡಿಗರು ಕೌಂಟರ್-ಸ್ಟ್ರೈಕ್ ಆಟದ ಒಂದೇ ಒಂದು ಸರ್ವರಿನ ಮುಂದೆ ಒಂದು ವಾರ ಕಾದು ಕೂತು ಅದರ ಪ್ಯಾಕೆಟ್‌ಗಳನ್ನು, ಅಂದರೆ ಸುದ್ದಿಯ ಒಂದೊಂದು ಕಟ್ಟನ್ನು, ಎಣಿಸಿದರು. ಒಟ್ಟಿಗೆ 22 ಜನ ಆಡಬಹುದಾದ ಸರ್ವರ್ ಅದು. ಒಂದು ವಾರಕ್ಕೆ ಸಿಕ್ಕಿದ್ದು ಐವತ್ತು ಕೋಟಿ ಪ್ಯಾಕೆಟ್. ಆಟಗಾರನಿಂದ ಬರುವ ಪ್ಯಾಕೆಟ್ಟಿನಲ್ಲಿ ವಿಷಯ ಸರಾಸರಿ 40 ಬೈಟ್, ಸರ್ವರಿನಿಂದ ಹೋಗುವುದರಲ್ಲಿ ಸುಮಾರು 130 ಬೈಟ್. ಪ್ರತಿ ಪ್ಯಾಕೆಟ್ಟಿಗೂ ವಿಳಾಸ ಹೊತ್ತ 28 ಬೈಟ್ ಶಿರೋಭಾಗ ಬೇರೆ: ಐಪಿಯದು 20, ಯುಡಿಪಿಯದು 8. ನಲವತ್ತರ ಮಾತಿಗೆ ಇಪ್ಪತ್ತೆಂಟರ ವಿಳಾಸ! ತಲಾ ಆಟಗಾರನಿಗೆ ಎಲ್ಲ ಸೇರಿ ಸೆಕೆಂಡಿಗೆ ಸುಮಾರು 40 ಕಿಲೋಬಿಟ್. ಅಂದಿನ 56 ಕಿಲೋಬಿಟ್ ಮೋಡೆಮ್‌ ಇದ್ದವನೂ ಆಡಲಿ ಎಂದು ಆಟ ಕಟ್ಟಿದವರೇ ಅಳತೆ ಹಾಕಿ ಕೊಟ್ಟದ್ದು ಅದು.

ಅವರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಮುಖ್ಯ. ಮನೆ-ಅಂಗಡಿಗಳಲ್ಲಿ ಇಡುವ ಸಾಧಾರಣ ರೌಟರ್ ಒಂದನ್ನು ಮಧ್ಯೆ ಇಟ್ಟು ನೋಡಿದರು. ಬಿಟ್‌ಗಳ ಲೆಕ್ಕದಲ್ಲಿ ಅದಕ್ಕೆ ಬೇಕಾದಷ್ಟು ಶಕ್ತಿಯಿತ್ತು. ಆದರೂ ಪ್ಯಾಕೆಟ್‌ಗಳನ್ನು ಕೈಬಿಟ್ಟಿತು. ದೊಡ್ಡ ಪ್ಯಾಕೆಟ್ ಬರುತ್ತವೆ ಎಂದು ಎಣಿಸಿ ಮಾಡಿದ ಯಂತ್ರಕ್ಕೆ ಸಣ್ಣವು ಲೆಕ್ಕವಿಲ್ಲದಷ್ಟು ಒಮ್ಮೆಗೇ ಬಂದರೆ ಒಂದೊಂದರ ವಿಳಾಸ ಓದುವುದರಲ್ಲೇ ಉಸಿರು ಹೋಗುತ್ತದೆ. “ಡೇಟಾ ಪೂರಾ ಅದ” ಎಂಬ ಮಾತು ಉತ್ತರವಲ್ಲ ಎಂದು ಅಲ್ಲೇ ಗೊತ್ತಾಯಿತು. ಡೇಟಾ ಪ್ಯಾಕು ಅಳೆಯುವುದು ಗಾತ್ರವನ್ನು. ಆಟ ಕೇಳುವುದು ವೇಳೆಯನ್ನು.

*

ಅಕ್ಕ ಊರಿನ ಅದೇ ಮೊಬೈಲ್ ಟವರಿನ ಕೆಳಗೆ ಕೂತು ಪುಣೆಯಲ್ಲಿರುವ ಮಗಳ ಜೊತೆ ಲೂಡೋ ಕಿಂಗ್ ಆಡುತ್ತಾಳೆ. “ನನಗೇನ್ ತ್ರಾಸ ಇಲ್ಲಪಾ” ಎನ್ನುತ್ತಾಳೆ. ಹೌದು, ಇರುವುದಿಲ್ಲ. ದಾಳ ಉರುಳಿದ ಸುದ್ದಿ ಒಂದು ಸೆಕೆಂಡ್ ತಡವಾಗಿ ಪುಣೆ ಮುಟ್ಟಿದರೆ ಆಟ ಕೆಡುವುದಿಲ್ಲ. 2006ರಲ್ಲಿ ಮಾರ್ಕ್ ಮತ್ತು ಕಜಲ್ ಕ್ಲೇಪೂಲ್ ಆಟಗಳ ತಾಳ್ಮೆಯನ್ನು ವಿಂಗಡಿಸಿದ್ದರು: ಕಣ್ಣೆದುರೇ ಗುರಿ ಹಿಡಿಯುವ ಆಟಕ್ಕೆ ಸುಮಾರು 100 ಮಿಲಿಸೆಕೆಂಡ್, ಪಾತ್ರವನ್ನು ಹಿಂದಿನಿಂದ ನೋಡುತ್ತ ನಡೆಸುವ ಆಟಕ್ಕೆ 500, ಮೇಲಿನಿಂದ ಸೈನ್ಯ ನಡೆಸುವ ಆಟಕ್ಕೆ 1,000. ಅಕ್ಕನೂ ಅವಳ ಮಗನೂ ಒಂದೇ ಮನೆಯಲ್ಲಿ ಒಂದೇ ಸಿಗ್ನಲ್ ಹಿಡಿದು, ಒಬ್ಬಳು ಸಮಾಧಾನವಾಗಿ, ಒಬ್ಬ ಸಿಟ್ಟಿನಲ್ಲಿ. ‘ಊರಿನಲ್ಲಿ ನೆಟ್ ಹೇಗಿದೆ’ ಎಂದು ಕೇಳುವ ಅಧಿಕಾರಿ ಯಾರ ಮಾತನ್ನು ಬರೆದುಕೊಳ್ಳಬೇಕು?

*

ಇಂಥ ಸಂಚಾರಕ್ಕೆ ಲೆಕ್ಕ ಹಾಕುವ ಹಳೆಯ ದಾರಿ. 1909ರಲ್ಲಿ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯ ಎ. ಕೆ. ಎರ್ಲಾಂಗ್ ಫೋನ್ ಕರೆಗಳು ಪ್ವಾಸೋನ್ ನಿಯಮದಂತೆ, ಅಂದರೆ ಒಂದಕ್ಕೊಂದು ಸಂಬಂಧವಿಲ್ಲದೆ, ಬರುತ್ತವೆ ಎಂದು ತೋರಿಸಿದ. ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ತಂತಿಯ ಲೆಕ್ಕವೆಲ್ಲ ಅದರ ಮೇಲೆ ನಿಂತಿತ್ತು. 1993ರ ಸೆಪ್ಟೆಂಬರಿನಲ್ಲಿ ಲೇಲಂಡ್, ತಕ್ಕು, ವಿಲಿಂಜರ್, ವಿಲ್ಸನ್ ಎಂಬ ನಾಲ್ವರು ಕಂಪ್ಯೂಟರ್ ಜಾಲದ ಸಂಚಾರ ಹಾಗಿಲ್ಲ, ಸೆಕೆಂಡಿನಲ್ಲಿ ನೋಡಿದರೂ ಗಂಟೆಯಲ್ಲಿ ನೋಡಿದರೂ ಅದೇ ಏರಿಳಿತ ಉಳಿಯುತ್ತದೆ ಎಂದು ಮಂಡಿಸಿದರು. ಆಟದ ಸಂಚಾರ ಈ ಎರಡೂ ಗುಂಪಿಗೆ ಸೇರುವುದಿಲ್ಲ. ಫೆಂಗ್ ನೋಡಿದ ಸರ್ವರ್ ಪ್ರತಿ 50 ಮಿಲಿಸೆಕೆಂಡಿಗೆ ಒಮ್ಮೆ ಎಲ್ಲರಿಗೂ ಸುದ್ದಿ ಎಸೆಯುತ್ತಿತ್ತು. ಆ 50ರೊಳಗೆ ಇಣುಕಿದರೆ ಗುಡ್ಡ-ಕಣಿವೆ, 50ನ್ನು ದಾಟಿ ನಿಂತು ನೋಡಿದರೆ ಬಯಲು. ಮೂಲದಲ್ಲಿ ಇಷ್ಟು ಶಿಸ್ತಿನ ಸಂಚಾರ ಅಪರೂಪ. ಅಂಥದ್ದಕ್ಕೇ ದಾರಿಯಲ್ಲಿ ಹೆಚ್ಚು ಪೆಟ್ಟು.

*

ಈ ಶಿಸ್ತಿನ ಬೆನ್ನು ಹತ್ತಿದ ಇನ್ನೊಬ್ಬ, ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಯೊಹಾನೆಸ್ ಫೇರ್ಬರ್, ಅದೂ 2002ರಲ್ಲೇ. ಹುಡುಗರು ತಮ್ಮ ತಮ್ಮ ಕಂಪ್ಯೂಟರ್ ಹೊತ್ತು ತಂದು ಒಂದೇ ಜಾಗದಲ್ಲಿ ತಂತಿ ಜೋಡಿಸಿ ಆಡುವ ಲ್ಯಾನ್ ಪಾರ್ಟಿಯಲ್ಲಿ ಕೌಂಟರ್-ಸ್ಟ್ರೈಕ್ ಪ್ಯಾಕೆಟ್‌ಗಳನ್ನು ಹಿಡಿದು ಅವುಗಳಿಗೆ ಸೂತ್ರ ಕೊಟ್ಟವನು. ಆಟಗಾರನಿಂದ ಹೊರಡುವುದು 40 ಮಿಲಿಸೆಕೆಂಡಿಗೊಂದು, ಸ್ಥಿರ. ಸರ್ವರಿನಿಂದ ಬರುವ ಪ್ಯಾಕೆಟ್‌ಗಳ ನಡುವಿನ ಅಂತರಕ್ಕೆ ‘ತುತ್ತತುದಿ ಮೌಲ್ಯ’ದ ವಿತರಣೆ: ಶಿಖರ 55 ಮಿಲಿಸೆಕೆಂಡಿನಲ್ಲಿ, ಹರಹು 6. ಗಾತ್ರಕ್ಕೂ ಅದೇ ಜಾತಿಯ ವಿತರಣೆ: ಶಿಖರ 120 ಬೈಟ್, ಹರಹು 36. ಅವನಿಗಿಂತ ಮುಂಚೆಯೇ ಮೈಕೇಲ್ ಬೊರೆಲ್ಲಾ ಕ್ವೇಕ್ ಆಟಕ್ಕೂ ಇದೇ ವಿತರಣೆಯನ್ನು ಹೊಂದಿಸಿದ್ದ.

ಈ ವಿತರಣೆಗೆ ಎಮಿಲ್ ಗುಂಬೆಲ್‌ನ ಹೆಸರಿದೆ. ನಾವು ಕಾಲೇಜಿನಲ್ಲಿ ಕಲಿಸುವುದು ಪ್ರವಾಹಕ್ಕಾಗಿ. ಪ್ರತಿ ವರ್ಷದ ಅತಿ ದೊಡ್ಡ ಪ್ರವಾಹವನ್ನಷ್ಟೇ ಆರಿಸಿ ಸಾಲಾಗಿ ಇಟ್ಟರೆ ಆ ಸಾಲು ಯಾವ ಆಕಾರ ತಾಳುತ್ತದೆ ಎಂಬುದಕ್ಕೆ. ಹಲವುಗಳಲ್ಲಿ ದೊಡ್ಡದನ್ನು ಆರಿಸಿದಾಗ ಈ ಜಾತಿಯ ಆಕಾರ ಬರುವುದಕ್ಕೆ ಗಣಿತದ ಕಾರಣವಿದೆ. ಆಟದ ಪ್ಯಾಕೆಟ್ಟಿನಲ್ಲಿ ಯಾವ ಹಲವು, ಯಾವ ದೊಡ್ಡದು? ಅಲ್ಲಿ ಆರಿಸುವ ಕೆಲಸವೇ ಇಲ್ಲ. ಎಡಕ್ಕೆ ಕಡಿದಾಗಿ, ಬಲಕ್ಕೆ ಇಳಿಜಾರಾಗಿ ಇರುವ ಗೀಟು ಬೇಕಿತ್ತು; ಗುಂಬೆಲ್‌ನ ಗೀಟು ಹಾಗಿತ್ತು; ಕೂಡಿಸಿದರು. ಕಾರಣವಿಲ್ಲದೆ ಆಕಾರ ಮಾತ್ರ ಹೊಂದಿಕೊಂಡ ಸೂತ್ರವನ್ನು ಎಷ್ಟು ದೂರ ನಂಬಬಹುದು? ಬಿ.ಎಸ್ಸಿ. ಮಕ್ಕಳಿಗೆ ಪರೀಕ್ಷೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

*

ಗುಂಬೆಲ್ ಬಗ್ಗೆ ಓದುತ್ತ ರಾತ್ರಿ ಬಹಳ ಹೊತ್ತಾಯಿತು. 1891ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಯಹೂದಿ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ನಡೆದ ರಾಜಕೀಯ ಕೊಲೆಗಳನ್ನು ಒಂದೊಂದಾಗಿ ಎಣಿಸಿ 1922ರಲ್ಲಿ ಪುಸ್ತಕ ಮಾಡಿದ: ಬಲಪಂಥೀಯರು ಮಾಡಿದ್ದು 354, ಎಡಪಂಥೀಯರು ಮಾಡಿದ್ದು 22, ಮತ್ತು ಶಿಕ್ಷೆಯ ಭಾರ ಹೆಚ್ಚಾಗಿ ಬಿದ್ದದ್ದು ಎರಡನೆಯವರ ಮೇಲೆ. ಈ ಲೆಕ್ಕ ಅವನ ವೈರಿಗಳನ್ನು ಹೆಚ್ಚಿಸಿತು. 1932ರಲ್ಲಿ ಹೈಡೆಲ್‌ಬರ್ಗ್‌ನ ಕೆಲಸ ಹೋಯಿತು. ಫ್ರಾನ್ಸಿಗೆ ಹೋದ, ಅಲ್ಲಿಂದ 1940ರಲ್ಲಿ ಅಮೆರಿಕಕ್ಕೆ. ತುತ್ತತುದಿಗಳ ಸಂಖ್ಯಾಶಾಸ್ತ್ರದ ದೊಡ್ಡ ಗ್ರಂಥ 1958ರಲ್ಲಿ ಬಂತು. ಎಣಿಸಿದ್ದಕ್ಕಾಗಿ ದೇಶ ಬಿಡಬೇಕಾಗಿ ಬಂದ ಸಂಖ್ಯಾಶಾಸ್ತ್ರಜ್ಞ. ಅವನ ಹೆಸರನ್ನು ಬರೀ ಸೂತ್ರವಾಗಿ ಹೇಳಿ ಮುಂದಿನ ಪುಟಕ್ಕೆ ಹೋಗುವ ಪದ್ಧತಿಯನ್ನು ನಮ್ಮ ತರಗತಿಯಲ್ಲಾದರೂ ನಿಲ್ಲಿಸಬೇಕು.

*

ಗುಂಬೆಲ್ ಎಂದರೆ ಈ ಊರಿನಲ್ಲಿ ಇನ್ನೊಂದು ದಾರಿಗೂ ಹೋಗಲೇಬೇಕು. 1966ರಲ್ಲಿ ಎಪ್‌ಸ್ಟೈನ್ ಮತ್ತು ಲೊಮ್ನಿಟ್ಜ್ ಇದೇ ವಿತರಣೆಯನ್ನು ದೊಡ್ಡ ಭೂಕಂಪಗಳಿಗೆ ಹೊಂದಿಸಿದ್ದರು.

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಬಂದು ದಣಿದು ಮಲಗಿದ್ದ ಜನ. 6.2ರ ಕಂಪನ. ಕರಿಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ, ಎಲ್ಲ ಮಲಗಿದವರ ಮೇಲೆಯೇ ಇಳಿಯಿತು. ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸತ್ತವರು ಸರ್ಕಾರದ ಲೆಕ್ಕದಲ್ಲೇ ಸುಮಾರು ಎಂಟು ಸಾವಿರ. 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಆಗ ಜಾರಿಯಲ್ಲಿದ್ದ 1984ರ ಭೂಕಂಪ ವಲಯಗಳ ನಕಾಶೆಯಲ್ಲಿ ಈ ಸೀಮೆ ಒಂದನೇ ವಲಯ, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ನೆಲ. 2002ರಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿ ಇದನ್ನು ಮೂರನೆಯದಕ್ಕೆ ಸೇರಿಸಿದರು. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ ಕಿಲ್ಲಾರಿಯ ನೆಲವನ್ನು 617 ಮೀಟರ್ ಆಳಕ್ಕೆ ಕೊರೆದು ನೋಡಿದ್ದೂ ಕಂಪನದ ನಂತರ. ಕರಿಕಲ್ಲಿನ ಪದರವೇ 338 ಮೀಟರ್ ದಪ್ಪ ಇತ್ತು.

ಆಟದ ಪಿಂಗನ್ನೂ ಆ ರಾತ್ರಿಯನ್ನೂ ಒಂದೇ ತಕ್ಕಡಿಗೆ ಹಾಕುವ ಮನಸ್ಸು ನನಗಿಲ್ಲ. ಅಕ್ಕನ ಅತ್ತೆಮನೆಯವರ ಮುಂದೆ ಆ ಮಾತು ಆಡಲೂ ಆಗದು. ನನ್ನನ್ನು ಹಿಡಿದು ನಿಲ್ಲಿಸುವುದು ಇಷ್ಟೇ: ಇಲ್ಲಿ ಅಳೆಯದೆ ಇಲ್ಲಿಗೆ ಅಂಕಿ ಬರೆದಿಟ್ಟಿದ್ದರು.

*

ಅಂಥದ್ದೇ ಇನ್ನೊಂದು ಇವತ್ತು ಸಿಕ್ಕಿತು, ನಿಜಕ್ಕೂ ಬೆರಗಿನದು. ಮೊಬೈಲ್ ಕಂಪನಿಗಳ ಒಕ್ಕೂಟವಾದ ಎನ್‌ಜಿಎಂಎನ್ 2008ರಲ್ಲಿ ಹೊಸ ರೇಡಿಯೋ ತಂತ್ರಗಳನ್ನು, ಅಂದರೆ ಈಗ ನಾವು 4ಜಿ ಎನ್ನುವುದನ್ನು, ಪರೀಕ್ಷೆ ಮಾಡುವ ಕ್ರಮ ಹೇಗಿರಬೇಕು ಎಂದು ಒಂದು ದಾಖಲೆ ಮಾಡಿತು. ಕಂಪ್ಯೂಟರಿನೊಳಗೆ ಒಂದು ಕಲ್ಪಿತ ಊರು, ಅದರಲ್ಲಿ ಕಲ್ಪಿತ ಬಳಕೆದಾರರು. ನೂರರಲ್ಲಿ 30 ಜನ ಮಾತಾಡುವವರು, 20 ವೆಬ್ ಪುಟ ತೆರೆಯುವವರು, 20 ವಿಡಿಯೋ ನೋಡುವವರು, 10 ಕಡತ ಇಳಿಸುವವರು, ಉಳಿದ 20 ಆಟ ಆಡುವವರು. ಆ ಆಟಗಾರರ ಪ್ಯಾಕೆಟ್ ಹೇಗಿರಬೇಕು? ಸರ್ವರಿನಿಂದ ಬರುವುದರ ಅಂತರ: ಶಿಖರ 55, ಹರಹು 6. ಗಾತ್ರ: ಶಿಖರ 120, ಹರಹು 36.

ಫೇರ್ಬರ್‌ನ ಅಂಕಿಗಳೇ! ಜರ್ಮನಿಯ ಹುಡುಗರು ಒಂದೇ ಚಾವಣಿಯ ಕೆಳಗೆ ಆಡಿದ ಆಟದ ಅಂಕಿ ನಾಲ್ಕನೇ ತಲೆಮಾರಿನ ಮೊಬೈಲ್ ಜಾಲದ ಪರೀಕ್ಷೆಯೊಳಗೆ ಕೂತಿದೆ. ಬಸ್ ಸ್ಟ್ಯಾಂಡಿನಿಂದ ಕಾಣುವ ಈ ಟವರಿನ ತಂತ್ರವೂ ಅದೇ ಪರೀಕ್ಷೆಯ ದಾರಿಯಲ್ಲಿ ಬಂದದ್ದು.

*

ಫೇರ್ಬರ್‌ನ ಪಟ್ಟಿಯನ್ನು ಪೆನ್ಸಿಲ್ ಹಿಡಿದು ಮತ್ತೆ ನೋಡಿದೆ. ಸರ್ವರ್ ಪ್ಯಾಕೆಟ್‌ಗಳ ಅಂತರದ ಅಳೆದ ಸರಾಸರಿ 62 ಮಿಲಿಸೆಕೆಂಡ್. ಸರಾಸರಿಗೆ ವಿಚಲನೆಯ ಪ್ರಮಾಣ 0.5. ಅಂದರೆ ಮಾನಕ ವಿಚಲನೆ 31. ಈಗ ಅವನ ಸೂತ್ರ ಏನು ಕೊಡುತ್ತದೆ ನೋಡೋಣ. ಗುಂಬೆಲ್ ವಿತರಣೆಯ ವಿಚಲನೆ ಹರಹಿನ 1.28 ಪಟ್ಟು. ಆರರ 1.28 ಪಟ್ಟು, 7.7.

ಅಳತೆಯಲ್ಲಿ 31, ಮಾದರಿಯಲ್ಲಿ 7.7.

ಬೆಟ್ಟದ ಮೈಗೆ ಗೀಟು ಸರಿಯಾಗಿ ಕೂತಿದೆ. ಬಲಗಡೆ ದೂರ ಹರಿದಿದ್ದ ಉದ್ದ ಬಾಲ ಕಳಚಿ ಬಿದ್ದಿದೆ. ಇದನ್ನು ತಪ್ಪೆನ್ನಲಾರೆ. ಬಹುಪಾಲು ಪ್ಯಾಕೆಟ್‌ಗಳ ನಡೆ ಹೇಗೆ ಎಂದು ಕೇಳಿದವರಿಗೆ ಅದು ಒಳ್ಳೆಯ ಉತ್ತರ. ಆದರೆ ಕಟ್ಟೆಯ ಮೇಲೆ ಕೂತ ಹುಡುಗನಿಗೆ ಬಹುಪಾಲು ಪ್ಯಾಕೆಟ್‌ಗಳಿಂದ ಏನೂ ತೊಂದರೆ ಇಲ್ಲ. ಅವನು ಸೋಲುವುದು ಆ ಬಾಲದಲ್ಲಿರುವ ಒಂದೆರಡರಿಂದ.

*

ದೂರದ ಲೆಕ್ಕ. ಇಲ್ಲಿಂದ ಮುಂಬೈಗೆ ನೇರ ಗೀಟೆಳೆದರೆ ಸುಮಾರು 400 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು 4 ಮಿಲಿಸೆಕೆಂಡ್. ದಾರಿ ಸುತ್ತಿಕೊಂಡು ಹೋದರೂ ಹತ್ತು ಅನ್ನಿ. ಸರ್ವರ್ ಸಿಂಗಾಪುರದಲ್ಲಿದ್ದರೂ ನೇರ ಗೀಟಿನಲ್ಲಿ ಸುಮಾರು 3,500 ಕಿಲೋಮೀಟರ್, ಹೋಗಿ ಬರಲು 35. ಹುಡುಗರ ಕೆಂಪು ಅಂಕಿಗೆ ಭೂಗೋಳ ಕಾರಣವಲ್ಲ. ಮರಾಠವಾಡ ಹಿಂದೆ ಬಿದ್ದ ಸೀಮೆ, ದೂರದ ಸೀಮೆ ಎಂಬ ಮಾತನ್ನು ಎಲ್ಲದಕ್ಕೂ ಮುಂದಿಡುವವರಿಗೆ ಈ ಲೆಕ್ಕ ತೋರಿಸಬೇಕು.

ಹಾಗಾದರೆ ತಡ ಎಲ್ಲಿ? ಮೊದಲು ಗಾಳಿಯಲ್ಲಿ. 4ಜಿ ಮೊಬೈಲ್ ತನಗೆ ಬೇಕೆಂದಾಗ ಮಾತಾಡುವ ಹಾಗಿಲ್ಲ. ‘ಕಳಿಸಬೇಕಾದದ್ದು ಇದೆ’ ಎಂದು ಟವರಿಗೆ ಕೇಳಿ, ಸರದಿ ಸಿಕ್ಕ ಮೇಲೆ ಕಳಿಸಬೇಕು. ಗಾಳಿಯಲ್ಲಿ ಕೆಟ್ಟುಹೋದರೆ ಸುಮಾರು 8 ಮಿಲಿಸೆಕೆಂಡಿನ ನಂತರ ಮತ್ತೊಮ್ಮೆ. 40ರ ತಾಳದಲ್ಲಿ ಹೊರಟ ಪ್ಯಾಕೆಟ್‌ಗಳು ಇಲ್ಲೇ ತಾಳ ತಪ್ಪುತ್ತವೆ.

ಎರಡನೆಯದು ಸಾಲು. ಅದೇ ಹೊತ್ತಿಗೆ ಊರಿನ ಅರ್ಧ ಜನ ವಿಡಿಯೋ ನೋಡುತ್ತಿರುತ್ತಾರೆ. ಆ ದೊಡ್ಡ ಪ್ಯಾಕೆಟ್‌ಗಳು ಬಿದ್ದುಹೋಗಬಾರದೆಂದು ದಾರಿಯ ಯಂತ್ರಗಳಲ್ಲಿ ಉದ್ದುದ್ದ ಸಾಲು ನಿಲ್ಲಿಸಲು ಜಾಗ ಇಟ್ಟಿದ್ದಾರೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಬಿದ್ದ ಮೋಟಾರ್ ಸೈಕಲ್ಲಿನವನ ಗತಿ ಆಟದ ಪ್ಯಾಕೆಟ್ಟಿಗೆ: ಅವನಿಗೆ ಬೇಕಾದ ಜಾಗ ಒಂದು ಮೊಳ, ಕಾಯಬೇಕಾದದ್ದು ಪೂರ್ತಿ ಸಾಲು. ಈ ಕಾಯಿಲೆಯನ್ನು ಜಿಮ್ ಗೆಟ್ಟಿಸ್ 2010ರ ಸುಮಾರಿಗೆ ಎಲ್ಲರಿಗೂ ಕಾಣುವಂತೆ ಮಾಡಿದ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಒಂದು ಮದ್ದು ಕೊಟ್ಟರು: ಸಾಲಿನ ಉದ್ದ ನೋಡಬೇಡಿ, ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ನೋಡಿ, ಕಾಯುವ ಹೊತ್ತು ಮಿತಿ ಮೀರುತ್ತಲೇ ಇದ್ದರೆ ಕೆಲವನ್ನು ಬೀಳಿಸಿ, ಕಳಿಸುವವರು ತಾವೇ ನಿಧಾನವಾಗುತ್ತಾರೆ. ನನಗೆ ಇದು ಈ ಇಡೀ ಶಾಸ್ತ್ರದಲ್ಲೇ ಅತಿ ಚೆಂದದ ವಿಚಾರ.

ನಮ್ಮಲ್ಲಿ ಸಾಲುಗಳ ಗಣಿತವನ್ನು ಗಟ್ಟಿಯಾಗಿ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್, ಜಾಯ್ ಕುರಿ ಮತ್ತು ಮುಂಬೈ ಐಐಟಿಯ ಡಿ. ಮಂಜುನಾಥ್ 2004ರಲ್ಲಿ ಬರೆದ ದೊಡ್ಡ ಪಠ್ಯವಿದೆ. ನಮ್ಮ ಗ್ರಂಥಾಲಯಕ್ಕೆ ತರಿಸಬೇಕು.

*

“ಮಾಮಾ, ನಾ ಗೋಡಿ ಹಿಂದ ಬಂದಿದ್ದೆ. ಬಂದ್ ಮ್ಯಾಲ ಗುಂಡು ಬಡೀತು. ಗೋಡಿ ದಾಟಿ ಗುಂಡು ಹ್ಯಾಂಗ ಬರ್ತದ? ಮೋಸ ಅಲ್ಲೇನ್ರಿ?”

ಮೋಸವಲ್ಲ. ಹಾಫ್-ಲೈಫ್ ಕಟ್ಟಿದ ವಾಲ್ವ್‌ನ ಯಾನ್ ಬರ್ನಿಯರ್ 2001ರಲ್ಲಿ ಇದನ್ನು ವಿವರಿಸಿದ್ದ. ಗುಂಡು ಹಾರಿಸಿದವನ ಪರದೆಯ ಮೇಲೆ ಆ ಕ್ಷಣ ಏನು ಕಾಣುತ್ತಿತ್ತೋ ಅದಕ್ಕೆ ನ್ಯಾಯ ಕೊಡಲು ಸರ್ವರ್ ಕಾಲವನ್ನು ಅಷ್ಟು ಹಿಂದಕ್ಕೆ ತಿರುಗಿಸಿ ನೋಡುತ್ತದೆ. ಹಾರಿಸಿದವನಿಗೆ ಇವನು ಇನ್ನೂ ಬಯಲಲ್ಲೇ ಇದ್ದ. ಹಾಗೆ ತಿರುಗಿಸದಿದ್ದರೆ ತಡವಾದ ಜಾಲದವನು ಎಷ್ಟು ಗುರಿಯಿಟ್ಟರೂ ಓಡುವವನಿಗೆ ಗುಂಡು ತಗಲುವುದೇ ಕಷ್ಟ. ಒಬ್ಬರ ನ್ಯಾಯ ಇನ್ನೊಬ್ಬರಿಗೆ ಗೋಡೆ ದಾಟಿದ ಗುಂಡು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ನಾ ಹೊಡದಾಗೂ ಅವರಿಗೆ ಹಾಂಗೇ ಅನಸ್ತದ” ಎಂದ. ಒಳ್ಳೆಯ ಮಾತು.

*

ಮಾದರಿಗಳ ಆಯಸ್ಸು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು. 2021ರ ಜುಲೈ 2ರಂದು ಅದರ ಜಾಗಕ್ಕೆ ಬಿಜಿಎಂಐ ಬಂತು, 2022ರ ಜುಲೈಯಲ್ಲಿ ಆ್ಯಪ್ ಅಂಗಡಿಗಳಿಂದ ಮಾಯವಾಯಿತು, 2023ರ ಮೇನಲ್ಲಿ ಮರಳಿತು. ನಡುವೆ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು. ಯಾವುದೋ ಒಂದು ಆಟದ ಪ್ಯಾಕೆಟ್‌ಗಳನ್ನು ವರ್ಷಗಟ್ಟಲೆ ಅಳೆದು ಭಾರತಕ್ಕೆ ಮಾದರಿ ಕಟ್ಟಿದವನ ಕೆಲಸ ಒಂದು ಸರ್ಕಾರಿ ಆದೇಶಕ್ಕೆ ಸಾಯುತ್ತದೆ. ಆದರೆ ದಾರಿಯ ತಡ ಆಟದ ಹೆಸರು ಕೇಳುವುದಿಲ್ಲ. ಮೂಲವನ್ನು ಅಳೆದವರು ಬಹಳ; ದಾರಿಯನ್ನು, ಅದರಲ್ಲೂ ಇಂಥ ಊರಿನ ಟವರಿನ ಕೆಳಗಿನ ದಾರಿಯನ್ನು ಅಳೆಯಬೇಕು.

*

ಹುಡುಗರೇ ಅಳೆಯಲು ಒಪ್ಪಿದರು. ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗೀಟೆಳೆದು ವೇಳೆ, ಪಿಂಗ್, ಕೂತ ಜಾಗ ಬರೆಯುವುದು. ಪಂದ್ಯದ ನಡುವೆ ಬರೆಯಲಾಗದು, ಆದ್ದರಿಂದ ಆಟದಲ್ಲಿ ಸತ್ತು ಕೂತವನು ಬರೆಯಬೇಕೆಂದು ಅವರೇ ನಿಯಮ ಮಾಡಿಕೊಂಡರು. ನನಗೆ ಆ ನಿಯಮದ ಬಗ್ಗೆ ತಕರಾರಿದೆ: ಪಿಂಗ್ ಕೆಟ್ಟಾಗಲೇ ಹೆಚ್ಚು ಜನ ಸಾಯುತ್ತಾರೆ, ಪಟ್ಟಿಯಲ್ಲಿ ಕೆಟ್ಟ ಅಂಕಿಗಳೇ ತುಂಬುತ್ತವೆ. ಹೇಳಿದೆ. ಈಗ ಸರದಿಯ ಮೇಲೆ ಒಬ್ಬ ಆಡದೆ ಕೂರುತ್ತಾನೆ. ಆ ತ್ಯಾಗವನ್ನು ಅವರು ಮಾಡಿದ್ದು ನನಗೆ ದೊಡ್ಡದಾಗಿ ಕಂಡಿತು.

ಬಂದ ಅಂಕಿಗಳನ್ನು ಚೌಕಳಿ ಕಾಗದದ ಮೇಲೆ ಹಾಕಿದಾಗ ಗುಂಬೆಲ್‌ನ ಒಂಟಿ ಬೆಟ್ಟ ಮೂಡಲಿಲ್ಲ. ಎಡಕ್ಕೆ ಒಂದು ಚೂಪು ದಿಬ್ಬ. ನಡುವೆ ಬಹಳ ಮಟ್ಟಿಗೆ ಖಾಲಿ. ಬಲಕ್ಕೆ ದೂರದಲ್ಲಿ ಇನ್ನೊಂದು ಅಗಲವಾದ ತಗ್ಗು ದಿಬ್ಬ. ಎರಡು ದಿಬ್ಬ ಎಂದರೆ ಎರಡು ಸ್ಥಿತಿ. ಟವರ್ ಒಂದೋ ಬಿಡುವಾಗಿರುತ್ತದೆ, ಇಲ್ಲವೇ ತುಂಬಿರುತ್ತದೆ. ಅರೆತುಂಬಿದ ಸ್ಥಿತಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಂಥದ್ದಕ್ಕೆ ಒಂದೇ ವಿತರಣೆ ಹೊಂದಿಸಲು ಹೊರಟರೆ ಸರಾಸರಿ ಬಂದು ಕೂರುವುದು ಆ ಖಾಲಿ ಜಾಗದಲ್ಲಿ, ಹುಡುಗರು ಅಪರೂಪಕ್ಕಷ್ಟೇ ಕಾಣುವ ಪಿಂಗ್‌ನಲ್ಲಿ. ಎರಡು ವಿತರಣೆಗಳು ಬೇಕು, ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಸಂಭವನೀಯತೆ ಬೇಕು, ಜಿಗಿದ ಮೇಲೆ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದಂತೂ ಬೇಕೇ ಬೇಕು.

ಕೆಲವು ಜಿಗಿತಗಳು ಕರೆಂಟ್ ಹೋದ ಹೊತ್ತಿಗೇ ಆದಂತಿವೆ. ಟವರಿನ ಬ್ಯಾಟರಿಯೋ, ಟಿವಿ ನಿಂತಿತೆಂದು ಎಲ್ಲರೂ ಮೊಬೈಲ್ ಹಿಡಿದದ್ದೋ? ಎರಡನ್ನೂ ಬಿಡಿಸಿ ನೋಡಲು ಮುಂದಿನ ಪಟ್ಟಿಯಲ್ಲಿ ಎರಡು ಮನೆ ಹೆಚ್ಚು ಹಾಕಬೇಕು: ಕರೆಂಟ್ ಹೋದ ನಿಮಿಷ, ಬಂದ ನಿಮಿಷ.